ಹನ್ನೊಂದನೇ ರೀಲಿಲ್ಲದ ಕುದುರೆ

ಹೇಗೆ ಶುರು ಮಾಡಲಿ? ಕುದುರೆಯ ಖರ್ಚಿನಿಂದ ಮಾಡುತ್ತೇನೆ, ಸುಳ್ಳು ಹೇಳುವ ಮೊದಲು ಒಂದಿಷ್ಟು ನಿಜ ಇರಲಿ. ಕಬ್ಬಿಣದ ಸರಳು ಎಂಟುನೂರು. ತಂತಿ ನೂರಾ ಇಪ್ಪತ್ತು. ನಿಡಗುಂದಿಯಿಂದ ಬಸವನ ಬಾಗೇವಾಡಿಗೆ ಟಂಟಂ ಬಾಡಿಗೆ ಏಳುನೂರು. ಸಿನಿಮಾ ಫಿಲ್ಮಿಗೆ ರೊಕ್ಕ ಬೀಳಲಿಲ್ಲ, ಸಾಬೀರಾಳ ಮಾವನ ಒಪ್ಪಿಗೆ ಬೇಕಾಯಿತು. ಅದಕ್ಕೆ ಆರು ತಿಂಗಳು ಹಿಡಿಯಿತು, ಚಹಾ ಎಷ್ಟಾಯಿತೋ ಗೊತ್ತಿಲ್ಲ.

೧. ಸಾಬೀರಾ ಹೊರಸು ಮಂಚಕ್ಕೆ ನವಾರು ಪಟ್ಟಿ ಹೆಣೆಯುವವಳು. ಅದೇ ಕೈಯಿಂದ ಸರಳಿನ ಮೇಲೆ ಹಳೆಯ ಫಿಲ್ಮು ಹೆಣೆದು ಕುದುರೆ ಮಾಡುತ್ತಿದ್ದಾಳೆ. ಬಾಗೇವಾಡಿಯ ಕಲಾ ಪ್ರದರ್ಶನದಲ್ಲಿ ಬಹುಮಾನ ಬಂದರೆ ಮೈಕಿನಲ್ಲಿ ಹೆಸರು ಕರೆಯುತ್ತಾರೆ. ಹದಿನೆಂಟು ವರ್ಷದಿಂದ ಊರಿಗೆ ಅವಳು ‘ಆಪರೇಟರ್ ಸೊಸಿ’. ಒಮ್ಮೆಯಾದರೂ ‘ಸಾಬೀರಾ’ ಎಂದು ನಾಲ್ಕು ಜನಕ್ಕೆ ಕೇಳಿಸಬೇಕು, ಅಷ್ಟೇ ಅವಳ ಹಟ.

೨. (ಈ ಪ್ಯಾರಾ ಹರಿದುಹಾಕಿದ್ದೇನೆ. ಇದರಲ್ಲಿ ಮಾವ ಮುರ್ತುಜಾಸಾಬರು ತೀರಿಕೊಳ್ಳುತ್ತಿದ್ದರು, ನೀವು ಅಳುತ್ತಿದ್ದಿರಿ. ಅವರಿಗೆ ಓದಿ ಹೇಳಿದೆ. ಸಾಯಾಕ ಪುರಸತ್ತಿಲ್ಲ ಎಂದರು.)

೩. ಪುರಸತ್ತು ಎಲ್ಲಿಂದ ಬರಬೇಕು? ಟೂರಿಂಗ್ ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ನಡೆಸಿ, ಅದು ಮುಚ್ಚಿದ ದಿನ ಒಂದೇ ಒಂದು ಸಿನಿಮಾದ ರೀಲು ಡಬ್ಬಿಗಳನ್ನು ಮನೆಗೆ ಹೊತ್ತು ತಂದ ಮನುಷ್ಯ. ಈಗ ಸೊಸೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ರೀಲಿನ ನಂಬರು ಕಾಯುತ್ತಿದ್ದಾರೆ. ಒಂದನೆಯದು ಬಾಲಕ್ಕೆ, ಹದಿನಾಲ್ಕನೆಯದು ಮುಖಕ್ಕೆ. ಕುದುರೆಯಾದರೇನು, ಕಥೆ ಸಾಲಾಗಿ ಬರಬೇಕು.

“ಕಿವಿಗೆ ಎರಡನೇದು ಸುತ್ತಿದ್ರ ಏನಾಗತೈತ್ರಿ ಮಾವಾರ?”

“ವಿಲನ್‌ಗ ಹೊಡಿಯೂ ಹೊತ್ತಿನ್ಯಾಗ ಹೀರೋ ತೊಟ್ಟಿಲದಾಗ ಇರ್ತಾನ.”

೪. ಮುಂದಿನ ಬಲಗಾಲಿನ ಸರದಿ ಬಂತು. ಹತ್ತನೇ ಡಬ್ಬಿಯ ನಂತರ ಸಿಕ್ಕಿದ್ದು ಹನ್ನೆರಡನೆಯದು. ಮಾವ ಛತ್ತು ನೋಡತೊಡಗಿದರು. ಪ್ರದರ್ಶನ ಮರುದಿನ. ಗುಜರಿಯಿಂದ ಬೇರೆ ಸಿನಿಮಾದ ತುಂಡು ತಂದು ಸುತ್ತೋಣವೆಂದರೆ ಅವರು ಒಪ್ಪಲಿಲ್ಲ, ಎರಡು ಪಿಚ್ಚರ್ ಕೂಡಿಸಿದ ಆಪರೇಟರ್‌ಗೆ ಜನ ಚಪ್ಪಲಿ ಎಸೆಯುತ್ತಾರಂತೆ. ಅಟ್ಟದ ಮೇಲೆ ಒಂದು ರೀಲು ಸಿಕ್ಕಿತೆಂದು ಬರೆದುಬಿಡಲೇ ಎಂದು ನಾನು ನಡುವೆ ಬಾಯಿ ಹಾಕಿದೆ.

“ನೀವು ಕಥಿ ಬರೀರಿ. ಕುದುರಿ ನಂದೈತಿ,” ಎಂದಳು ಸಾಬೀರಾ.

(ಲೇಖಕರಿಗೆ ಇರುವ ಮರ್ಯಾದೆ ಇಷ್ಟೇ.)

೫. ಪ್ರದರ್ಶನದಲ್ಲಿ ಕುದುರೆ ಮಿರಿಮಿರಿ ಮಿಂಚುತ್ತ ನಿಂತಿತು, ಒಂದು ಕಾಲು ಬರೀ ಸರಳು. ತೀರ್ಪುಗಾರರು ‘ಅಪೂರ್ಣ’ ಎಂದು ಬರೆದುಕೊಳ್ಳುವಷ್ಟರಲ್ಲಿ ಮುರ್ತುಜಾಸಾಬರು ಆ ಸರಳಿಗೆ ಅಡ್ಡ ಹೋಗಿ ನಿಂತರು. ಹನ್ನೊಂದನೇ ರೀಲನ್ನು ಅವರು ಎಂದೋ ಮುದ್ದೇಬಿಹಾಳದ ಬಸ್ಸಿನಲ್ಲಿ ಬಿಟ್ಟು ಇಳಿದಿದ್ದರು. ಆಮೇಲೆ ಟಾಕೀಸಿನಲ್ಲಿ ಆ ಸಿನಿಮಾದ ಪ್ರತಿ ಆಟದಲ್ಲೂ ಅಷ್ಟು ಹೊತ್ತು ಪರದೆಯ ಮುಂದೆ ನಿಂತು ಬಾಯಿಂದಲೇ ಪಿಚ್ಚರ್ ಓಡಿಸುತ್ತಿದ್ದರು. ಈಗಲೂ ಶುರು ಹಚ್ಚಿದರು: ಫೈಟಿಂಗು, ಹಾಡು, ಹಾಡಿನ ನಡುವೆ ಮಳೆ. ಇಂಡಿ, ಸಿಂದಗಿಯಿಂದ ಬಂದವರೆಲ್ಲ ಉಳಿದ ಮೂರ್ತಿಗಳನ್ನು ಬಿಟ್ಟು ಇಲ್ಲಿಯೇ ಮುಕುರಿದರು.

ಹಾಡಿನ ಮಳೆ ನಿಂತಾಗ ಅವರು ಟಾಕೀಸಿನ ಗತ್ತಿನಲ್ಲಿ ಕೂಗಿದರು: “ಈ ಕುದುರಿ ಕಟ್ಟಿದಾಕಿ ಸಾಬೀರಾ. ನಾ ಬರೇ ಒಂದ ಕಾಲು.”

೬. ಮುಗಿಸಲು ಮೂರು ದಾರಿಗಳಿವೆ, ಬೇಕಾದ್ದು ಆರಿಸಿಕೊಳ್ಳಿ. ಬಹುಮಾನ ಬಂತು. (ಬರಲಿಲ್ಲ. ಗೊಳಸಂಗಿಯ ಸುವರ್ಣಾ ಕೆತ್ತಿದ ಕಲ್ಲಿನ ಎಮ್ಮೆಗೆ ಹೋಯಿತು, ಎಮ್ಮೆ ಚೆನ್ನಾಗಿಯೂ ಇತ್ತು.) ಸೊಸೆ ಮಾವನ ಕಾಲು ಹಿಡಿದು ಅತ್ತಳು. (ಗಂಟಲು ಒಣಗೀತೆಂದು ನೀರು ಕೊಟ್ಟಳು, ಅಷ್ಟೇ.) ಇನ್ನು ಮೂರನೆಯದು: ಐದು ಗಂಟೆಗೆ ಪ್ರದರ್ಶನದ ಬಾಗಿಲು ಹಾಕಬೇಕು, ಮುರ್ತುಜಾಸಾಬರು ಜಾಗ ಬಿಡುತ್ತಿಲ್ಲ, ಅವರ ಪಿಚ್ಚರಿನಲ್ಲಿ ವಿಲನ್ ಬಾವಿಗೆ ತಳ್ಳಿದ ಹೀರೋ ಇನ್ನೂ ಅಲ್ಲೇ ಇದ್ದಾನೆ. ಅವನನ್ನು ಅಲ್ಲಿ ಬಿಟ್ಟು ನಾನು ಹೇಗೆ ಮುಗಿಸಲಿ?

ಹೋದದ್ದು ಬಹುಮಾನ, ಮತ್ತು ಇನ್ನೆಂದೂ ಪರದೆಯ ಮೇಲೆ ಓಡದ ಹದಿಮೂರು ರೀಲು. ಬಂದದ್ದು ಇಷ್ಟು: ಗುಂಪಿನಲ್ಲಿ ಹಿಂದೆ ನಿಂತವರು ಮುಂದಿನವರನ್ನು ‘ಸಾಬೀರಾ ಯಾರು?’ ಎಂದು ಕೇಳುತ್ತಿದ್ದಾರೆ.