ಸದ್ದಿಲ್ಲದೆ ಬಿದ್ದ ಕಾಗದ

ಹನ್ನೆರಡು ವರ್ಷಗಳಿಂದ ಆಲ್ಬನ್ ಕ್ರೀಡ್ ಎಂಬ ನಟ ಇದ್ದೂ ಇಲ್ಲದಂತಿದ್ದ. ಇದ್ದವರು ರೇಡಿಯೋ ಧಾರಾವಾಹಿಯ ಡಾಕ್ಟರ್ ಟ್ಯಾಪ್ಲೋ. ಸಂಜೆಯಾದರೆ ಇಂಗ್ಲೆಂಡಿನ ಅಡುಗೆಮನೆಗಳಲ್ಲೆಲ್ಲ ಜನ ರೇಡಿಯೋದ ಕಿವಿ ಹಿಂಡುತ್ತಿದ್ದರು. ಆಲ್ಬನ್ನನ ದನಿಯಲ್ಲಿ ಟ್ಯಾಪ್ಲೋ ಯಾರದೋ ಕೆಮ್ಮು ಕೇಳಿ, ಜ್ವರ ನೋಡಿ, ಕೊನೆಗೆ "ನಾಳೆ ಬಂದು ನೋಡ್ತೀನಿ, ಧೈರ್ಯವಾಗಿರಿ" ಎನ್ನುತ್ತಿದ್ದರು. ಆಲ್ಬನ್ನನಿಗೆ ನೆಗಡಿಯಾದರೆ ಜನ ಜೇನುತುಪ್ಪ ಕಳಿಸುತ್ತಿದ್ದರು, ಅದೂ ಟ್ಯಾಪ್ಲೋ ಹೆಸರಿಗೆ. ಈ ಪ್ರೀತಿಗೆ ಬೆಂಕಿ ಬೀಳಲಿ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಐವತ್ತಾರನೆಯ ವಯಸ್ಸಿನಲ್ಲಿ ಬ್ರಿಸ್ಟಲ್ಲಿನ ನಾಟಕ ಮಂಡಳಿಯೊಂದು ಅವನಿಗೆ ಕೊಲೆಗಾರ ನ್ಯಾಯಾಧೀಶನ ಪಾತ್ರ ಕೊಟ್ಟಿತು. ರೇಡಿಯೋದವರ ಹೊಸ ಐದು ವರ್ಷದ ಕರಾರನ್ನು ಒಲ್ಲೆನೆಂದು ಬರೆದ ಕಾಗದ ಅವನ ಕೋಟಿನ ಜೇಬಿನಲ್ಲಿತ್ತು. ಮೊದಲ ಆಟ ಗೆದ್ದರೆ ಅಂಚೆಗೆ ಹಾಕುವುದು. ಸೋತರೆ ಮತ್ತೆ ಅದೇ ಕೆಮ್ಮು, ಅದೇ ಜ್ವರ.

ಶನಿವಾರ ಮಧ್ಯಾಹ್ನ ಮೊದಲ ಅಂಕ ಚೆನ್ನಾಗಿಯೇ ನಡೆಯಿತು. ದನಿಯನ್ನು ಒರಟು ಮಾಡಿಕೊಂಡಿದ್ದ. ಯಾರೂ ಗುರುತು ಹಿಡಿದಂತಿರಲಿಲ್ಲ. ಎರಡನೆಯ ಅಂಕದಲ್ಲಿ ಅವನು ಸತ್ತವನ ಪತ್ರ ಓದಬೇಕು, ವಿಧವೆಯ ಪಾತ್ರದ ಐಸೊಬೆಲ್ ಅದನ್ನು ಕಸಿದುಕೊಳ್ಳಬೇಕು. ಓದಿದ. ಸಭೆ ಉಸಿರು ಬಿಗಿಹಿಡಿದಿತ್ತು. ಗೆದ್ದೆ ಅಂದುಕೊಂಡ.

ಆದರೆ ರೇಡಿಯೋದಲ್ಲಿ ಹಾಳೆ ಮಗುಚಿದರೆ ಮೈಕಿಗೆ ಸರಪರ ಕೇಳುತ್ತದೆ. ಓದಿ ಮುಗಿದ ಹಾಳೆಯನ್ನು ಮೆಲ್ಲನೆ ನೆಲಕ್ಕೆ ಜಾರಿಬಿಡುವುದು ಅಲ್ಲಿನ ರೂಢಿ. ಹನ್ನೆರಡು ವರ್ಷ ಪಳಗಿದ ಬೆರಳುಗಳು ಯಾರನ್ನೂ ಕೇಳದೆ ಪತ್ರವನ್ನು ಬಿಟ್ಟೇಬಿಟ್ಟವು. ಐಸೊಬೆಲ್ ಚಾಚಿದ ಕೈ ಹಾಗೇ ಉಳಿಯಿತು. ಪತ್ರ ತೇಲುತ್ತ ಹೋಗಿ ಮುಂದಿನ ಸಾಲಿನ ಮುದುಕಿಯ ಮಡಿಲಿಗೆ ಬಿತ್ತು.

ಆಕೆ ಎದ್ದು ಅದನ್ನು ಅವನತ್ತ ಚಾಚಿದಳು.

"ನಮ್ಮ ಟ್ಯಾಪ್ಲೋ ಡಾಕ್ಟ್ರಲ್ವಾ! ಗಂಟಲು ಕೆರ್ಕೊಂಡು ಮಾತಾಡಿದ್ರೆ ನಂಗೆ ಗೊತ್ತಾಗಲ್ವಾ? ತಗೊಳ್ಳಿ, ಔಷಧಿ ಚೀಟಿ ಬೀಳಿಸ್ಕೊಂಡ್ರಿ."

ಸಭೆಯೆಲ್ಲ ಗೊಳ್ಳೆಂದಿತು. ಆಲ್ಬನ್ ಬಗ್ಗಿದಾಗ ಆಕೆ ದನಿ ತಗ್ಗಿಸಿದಳು: "ನಮ್ಮ ಯಜಮಾನ್ರು ಹೋಗೋ ದಿನಾನೂ ನಿಮ್ಮ ಮಾತು ಕೇಳ್ಕೊಂಡೇ ಹೋದ್ರು, ಡಾಕ್ಟ್ರೇ."

ಅವನ ನಾಲಿಗೆಯ ತುದಿಯಲ್ಲಿ ನ್ಯಾಯಾಧೀಶನ ಕ್ರೂರ ಮಾತಿತ್ತು. ಹೊರಬಂದದ್ದು ಮಾತ್ರ ಮೆತ್ತಗಿನ ಹಳೆಯ ದನಿ.

"ನಾಳೆ ಬಂದು ನೋಡ್ತೀನಿ, ಧೈರ್ಯವಾಗಿರಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನ ಜೀವಮಾನದಲ್ಲಿ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಅಳು ಒತ್ತರಿಸಿ ಬಂತು.

ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಮಂಡಳಿಯ ಯಜಮಾನ ಹಾರ್ಗ್ರೇವ್ ಕೈ ಉಜ್ಜಿಕೊಳ್ಳುತ್ತ ಬಂದ.

"ಏನ್ ಮಾಡ್ಬಿಟ್ರಿ ಮಾರಾಯ್ರೇ! ಸೋಮವಾರದಿಂದ ದಿನಾ ಹಂಗೇ ಬೀಳಿಸಿ. ಮುಂದಿನ ಸಾಲಲ್ಲಿ ಒಬ್ಬ ಮುದುಕೀನ ನಾನೇ ಕೂರಿಸ್ತೀನಿ."

ಅವನು ಹೋದ ಮೇಲೆ ಆಲ್ಬನ್ ಕೋಟಿನ ಜೇಬಿನಿಂದ ರೇಡಿಯೋದವರಿಗೆ ಬರೆದ ಕಾಗದ ತೆಗೆದು, ಮೊದಲಿನಿಂದ ಕೊನೆಯವರೆಗೆ ಓದಿದ. ಓದಿ ಮುಗಿದದ್ದೇ ಬೆರಳು ಸಡಿಲಿಸಿದ. ಕಾಗದ ಕೆಳಗೆ ಬಿತ್ತು. ಸ್ವಲ್ಪವೂ ಸದ್ದಾಗಲಿಲ್ಲ.