ದುರ್ಬೀನಿನ ಸಿಟ್ಟು

ನಾನು ಒಂದು ದುರ್ಬೀನು. ಬೈನಾಕ್ಯುಲರ್ ಎಂದರೂ ಓಗೊಡುತ್ತೇನೆ, ಆದರೆ ಬಾಳಿನ ಬಹುಪಾಲು ಬಳ್ಳಾರಿ, ಹುಬ್ಬಳ್ಳಿ ಸೀಮೆಯಲ್ಲೇ ಕಳೆದದ್ದರಿಂದ ಈ ಹೆಸರೇ ಮೈಗಂಟಿದೆ. ಹುಟ್ಟಿದ್ದು ಜರ್ಮನಿಯ ಒಂದು ಸಣ್ಣ ಊರಿನಲ್ಲಿ, ನದಿಯ ದಂಡೆಯ ಕಾರ್ಖಾನೆಯಲ್ಲಿ. ಅಲ್ಲಿನ ಹೆಂಗಸರು ನನ್ನ ಗಾಜುಗಳನ್ನು ವಾರಗಟ್ಟಲೆ ಉಜ್ಜಿ, ಹಿತ್ತಾಳೆಯ ಕೊಳವೆಯೊಳಗೆ ಕೂರಿಸಿ, ಮೇಲೆ ಕಪ್ಪು ಚರ್ಮದ ಅಂಗಿ ತೊಡಿಸಿದರು. ಕೊನೆಗೆ ಒಬ್ಬಾಕೆ ನನ್ನನ್ನು ಕಿಟಕಿಗೆ ಹಿಡಿದು, ದೂರದ ಚರ್ಚಿನ ಗಡಿಯಾರ ನೋಡಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದಳು. ಕಣ್ಣು ಕೊಟ್ಟ ಆ ಪುಣ್ಯಾತ್ಮರು ರೆಪ್ಪೆ ಕೊಡಲು ಮರೆತರು. ಹಾಗಾಗಿ ನೋಡಬಾರದ್ದನ್ನೂ ನೋಡಬೇಕಾಯಿತು. ಆ ಸಿಟ್ಟು ಇನ್ನೂ ಆರಿಲ್ಲ.

ನನ್ನನ್ನು ಮುಂಬಯಿಯ ಒಂದು ಅಂಗಡಿಯಲ್ಲಿ ಕೊಂಡವರು ಡಾಕ್ಟರ್ ಚನ್ನವೀರಪ್ಪ ಹಾವನೂರ. ಸಿರುಗುಪ್ಪದಲ್ಲಿ ದನದ ಡಾಕ್ಟರಾಗಿದ್ದರು. ಎತ್ತಿಗೆ ಸೂಜಿ ಹಾಕಿ, ಎಮ್ಮೆಯ ಹೆರಿಗೆ ಮಾಡಿಸಿ ಊರಿಂದ ಊರಿಗೆ ಹೋಗುವಾಗ ಎರೆಹೊಲದ ನಡುವೆ ಜೀಪು ನಿಲ್ಲಿಸಿ ನನ್ನನ್ನು ಹೊರಗೆ ತೆಗೆಯುತ್ತಿದ್ದರು. ಅಲ್ಲಿ ಎರೆಭೂತ ಎಂಬ ಹಕ್ಕಿ ಇತ್ತು. ಮೊಲಕ್ಕಿಂತ ನಾಚಿಕೆಯದು, ನವಿಲಿಗಿಂತ ತೂಕದ್ದು; ಕತ್ತು ನೆಟ್ಟಗೆ ಮಾಡಿ ಜೋಳದ ಹೊಲದಲ್ಲಿ ಸಾಹುಕಾರನಂತೆ ನಡೆಯುತ್ತಿತ್ತು. ಜೀಪಿನಲ್ಲಿ ಅವರ ಮಗಳು ಇಂದುಮತಿಯೂ ಇರುತ್ತಿದ್ದಳು. ಅವಳ ಪುಟ್ಟ ಮುಖಕ್ಕೆ ನಾನು ದೊಡ್ಡವನಾಗುತ್ತಿದ್ದೆ, ಒಂದೇ ಕಣ್ಣಿನಲ್ಲಿ ನೋಡುತ್ತಿದ್ದಳು.

"ಹತ್ರ ಹೋಗೂಣೇನಪ್ಪಾ?" ಎಂದು ಕೇಳುವಳು.

"ಬ್ಯಾಡವ್ವ. ನಾವು ಹೋದ್ವಿ ಅಂದ್ರ ಅದು ಹಾರಿ ಹೋಗ್ತೈತಿ."

ಡಾಕ್ಟರು ತೀರಿಕೊಂಡ ಮೇಲೆ ನಾನು ಅವರ ಮಗ ಮಹಾಂತೇಶನ ಪಾಲಾದೆ. ಯಾರೂ ಪಾಲು ಮಾಡಲಿಲ್ಲ. ಮನೆ ಅವನದಾಯಿತು, ಮನೆಯೊಳಗಿನ ನಾನೂ ಅವನವನಾದೆ. ಅವನು ನನ್ನನ್ನು ಕ್ರಿಕೆಟ್ ನೋಡಲು ಒಯ್ದ. ಅವನ ಭಾವಮೈದುನ ಮಾಳಿಗೆ ಹತ್ತಿ ಎದುರು ಮನೆಯ ಹಿತ್ತಲು ನೋಡಿದ. ಅಂಥದ್ದಕ್ಕೆಲ್ಲ ನನ್ನ ಗಾಜು ಉಜ್ಜಿದ್ದಲ್ಲ ಎಂದು ಕೂಗಬೇಕೆನಿಸಿತು. ಬಾಯಿಯೂ ಇಲ್ಲ, ರೆಪ್ಪೆಯೂ ಇಲ್ಲ. ಆಮೇಲೆ ಬೀರುವಿನ ಮೇಲೆ, ಹರಿದ ಸೊಳ್ಳೆಪರದೆಯ ಕೆಳಗೆ ನನ್ನನ್ನು ಎಸೆದರು. ಬಹಳ ವರ್ಷ ಅಲ್ಲೇ ಇದ್ದೆ.

ಅಲ್ಲಿಂದ ಇಳಿಸಿದವಳು ಇಂದುಮತಿಯೇ. ಆಗ ಅವಳು ಹುಬ್ಬಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರು. ಮದುವೆಯಾಗಿರಲಿಲ್ಲ. ತಾಯಿಯ ತಿಥಿಗೆ ಬಂದವಳು ಬೀರುವಿನ ಮೇಲೆ ಕೈಯಾಡಿಸಿ ನನ್ನನ್ನು ತೆಗೆದು ಸೆರಗಿನಿಂದ ಒರೆಸಿದಳು.

"ಹೆಣ್ಮಗಳಿಗೆ ದುರ್ಬೀನ್ ಯಾಕಬೇ?" ಎಂದ ಮಹಾಂತೇಶ.

"ನೋಡಾಕ," ಎಂದಳು. ಅಷ್ಟೇ ಹೇಳಿ ಚೀಲಕ್ಕೆ ಹಾಕಿಕೊಂಡಳು.

ಇಂದುಮತಿಯ ಸ್ವಭಾವವೇ ಹಾಗೆ. ಒಂದು ಮಾತಿನಲ್ಲಿ ಆಗುವುದಕ್ಕೆ ಎರಡು ಆಡಿದವಳಲ್ಲ. ಅವಳಿಗೆ ಒಬ್ಬಳೇ ಗೆಳತಿ, ಶಕುಂತಲಾ ಕಟಗೇರಿ. ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಖೋಲಿಯಲ್ಲಿದ್ದವರು. ಶಕುಂತಲಾ ಮಾತಿನ ಮಲ್ಲಿ, ಆದರೆ ಗಂಡ ವಾಮನರಾಯರು ಬಾಯಿ ತೆರೆದರೆ ತನ್ನದನ್ನು ಮುಚ್ಚುವವಳು. ರಾಯರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಕೈಕೆಳಗೆ ನೂರಾರು ಜನ ಇದ್ದ ಮನುಷ್ಯ, ಒಂದು ದಿನ ಬೆಳಗಾಗುವಷ್ಟರಲ್ಲಿ ಯಾರಿಗೂ ಬೇಡವಾದರು. ಆಗ ಕ್ಯಾಮರಾ ಹಿಡಿದರು. ಊರಿನ ಫೋಟೋ ಸಂಘದಲ್ಲಿ ಅವರು ತೆಗೆದ ಬೆಳ್ಳಕ್ಕಿ ಚಿತ್ರ ನೋಡಿ ಹುಡುಗರು ಮುಸಿಮುಸಿ ನಕ್ಕರಂತೆ. ಆ ನಗೆ ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ, ಅದಕ್ಕೇ ಹೇಳಿದೆ.

ಸ್ಪೇನಿಗೆ ಹೋಗುವ ಆಸೆ ಇಂದುಮತಿಯದು. ಸಿರುಗುಪ್ಪದ ಹೊಲಗಳಿಗೆ ಕಾಲುವೆ ಬಂತು, ಭತ್ತ ಬಂತು; ಎರೆಭೂತವನ್ನು ಕಂಡವರೇ ಅಪರೂಪವಾದರು. ಆದರೆ ಅದರ ದಾಯಾದಿ ಹಕ್ಕಿಯೊಂದು ಸ್ಪೇನಿನ ಎಸ್ತ್ರೆಮಾದುರಾ ಎಂಬ ಬಯಲುಸೀಮೆಯಲ್ಲಿ ಇದೆ ಎಂದು ಅವಳು ಓದಿದ್ದಳು. "ಸಾಯೂದರೊಳಗ ಒಮ್ಮೆ ಅದನ್ನ ನೋಡಬೇಕಲೇ," ಎಂದು ಶಕುಂತಲಾಗೆ ಹೇಳಿದಳು. ಶಕುಂತಲಾ ಜೊತೆಗೆ ಹೊರಟಳು. ಹೆಂಡತಿ ಹೊರಟಳೆಂದು ರಾಯರೂ ಹೊರಟರು, ಬಾಳೆದಿಂಡಿನಂಥ ಹೊಸ ಲೆನ್ಸು ಹೊತ್ತು.

ನಾವು ಇಳಿದುಕೊಂಡದ್ದು ಸುಣ್ಣ ಬಳಿದ ಮನೆಗಳ ಒಂದು ಸಣ್ಣ ಹಳ್ಳಿಯಲ್ಲಿ. ಚರ್ಚಿನ ಗೋಪುರದ ಮೇಲೆ ಕೊಕ್ಕರೆಗಳು ಸೌದೆಹೊರೆಯಂಥ ಗೂಡು ಕಟ್ಟಿ, ಕೊಕ್ಕು ಕುಟ್ಟಿ ಕಟಕಟ ಸದ್ದು ಮಾಡುತ್ತಿದ್ದವು. ಊರಾಚೆ ಓಕ್ ಮರಗಳ ನೆರಳಲ್ಲಿ ಕಪ್ಪು ಹಂದಿಗಳು, ಅದರಾಚೆ ಗೋಧಿ ಹೊಲ, ಪಾಳು ಹೊಲ, ನಡುನಡುವೆ ಕೆಂಪು ಗಸಗಸೆ ಹೂ. ಇಂದುಮತಿ ಮೊದಲ ದಿನ ರಸ್ತೆಯ ಬದಿಗೆ ನಿಂತು ಸುತ್ತ ನೋಡಿ, "ಇದು ನಮ್ಮ ಸೀಮೀನ ಐತಿ. ಎರೀಮಣ್ಣೊಂದು ಇಲ್ಲ ನೋಡು," ಎಂದಳು.

ಹಕ್ಕಿ ತೋರಿಸಲು ಪಿಲಾರ್ ಎಂಬ ಹೆಂಗಸು ಬರುತ್ತಿದ್ದಳು. ಬಿಸಿಲಿಗೆ ಬೆಂದ ಮುಖ, ಗಟ್ಟಿ ನಗು. ಮನೆಯಿಂದ ಆಲೂಗಡ್ಡೆಯ ದಪ್ಪ ದೋಸೆಯಂಥದ್ದು ಮಾಡಿ ತರುವಳು. ಶಕುಂತಲಾ ಅದಕ್ಕೆ ಶೇಂಗಾ ಚಟ್ನಿಪುಡಿ ಹಚ್ಚಿ ಕೊಟ್ಟರೆ ಪಿಲಾರ್ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೈಯೊಡ್ಡುವಳು. ಅವಳು ಹಾಕಿದ ನೇಮ ಒಂದೇ. ರಸ್ತೆ ಬಿಟ್ಟು ಹೊಲಕ್ಕೆ ಇಳಿಯಬಾರದು. ಇದು ಮೊಟ್ಟೆಯ ಕಾಲ, ಆ ಹಕ್ಕಿ ನೆಲದ ಮೇಲೇ ಮೊಟ್ಟೆಯಿಡುತ್ತದೆ, ಒಮ್ಮೆ ಎದ್ದರೆ ಮೊಟ್ಟೆ ಕಾಗೆಯ ಪಾಲು ಎಂದು ಬಿಡಿಸಿ ಹೇಳಿದ್ದಳು. ವಾಮನರಾಯರು ಎಲ್ಲರಿಗಿಂತ ಮೊದಲು ತಲೆಯಾಡಿಸಿದ್ದರು.

ಆ ದಿನಗಳಲ್ಲಿ ನಾನು ಪಟ್ಟ ಅವಮಾನ ಅಷ್ಟಿಷ್ಟಲ್ಲ. ರಾಯರಿಗೆ ತಮ್ಮ ದಿಂಡಿನಲ್ಲಿ ಹಕ್ಕಿ ಸಿಗುತ್ತಿರಲಿಲ್ಲ. ಆಗ ಇಂದುಮತಿಯ ಕೊರಳಲ್ಲಿದ್ದ ನನ್ನನ್ನು ಕೇಳದೇ ಎಳೆದುಕೊಳ್ಳುವರು. ಪಟ್ಟಿ ಅವಳ ಕುತ್ತಿಗೆಗೆ ಒತ್ತಿ ಗೆರೆ ಮೂಡುತ್ತಿತ್ತು. ನೋಡಿ ಮುಗಿದ ಮೇಲೆ ಕೈಬಿಡುವರು. ನಾನು ಅವಳ ಎದೆಗೆ ಬಡಿಯುತ್ತಿದ್ದೆ. "ಇದನ್ನ ಮ್ಯೂಸಿಯಮ್ಮಿಗೆ ಕೊಟ್ಟುಬಿಡ್ರಿ ಇಂದುಮತಿಯವ್ರ," ಎಂದು ನಗುವರು. ಅವಳು ಕಂಡ ಹಕ್ಕಿಯನ್ನು ರಾತ್ರಿ ಊಟದ ಹೊತ್ತಿಗೆ ತಾವು ಕಂಡಂತೆ ವರ್ಣಿಸುವರು. ಇಂದುಮತಿ ಸುಮ್ಮನೆ ಬ್ರೆಡ್ಡು ಮುರಿಯುತ್ತಿದ್ದಳು. ಶಕುಂತಲಾ ಗೆಳತಿಯ ತಟ್ಟೆಗೆ ಇನ್ನಷ್ಟು ಚಟ್ನಿಪುಡಿ ಹಾಕುತ್ತಿದ್ದಳು. ಅದು ಅವಳು ಕ್ಷಮೆ ಕೇಳುವ ಬಗೆ.

ಒಂದು ಭಾನುವಾರ ಪಿಲಾರಳಿಗೆ ರಜೆ. ಮೂವರೂ ಹಳ್ಳಿಯಾಚೆಯ ಏರು ರಸ್ತೆಯಲ್ಲಿ ಅಡ್ಡಾಡಲು ಹೋದರು. ಇಂದುಮತಿ ನನ್ನನ್ನು ಕಣ್ಣಿಗೆ ಹಿಡಿದು ಪಾಳು ಹೊಲವನ್ನು ಗೆರೆ ಎಳೆದಂತೆ ನಿಧಾನ ನೋಡುತ್ತಿದ್ದಳು. ಒಣಹುಲ್ಲಿನ ನಡುವೆ ಒಂದು ತಲೆ. ಬೂದುಬಣ್ಣದ ಕತ್ತು, ಮಣ್ಣಿನ ಬಣ್ಣದ ಬೆನ್ನು. ಹಕ್ಕಿ ಕದಲದೆ ಕೂತಿತ್ತು. ಗಾಳಿಗೆ ಬೆನ್ನ ಗರಿ ಎದ್ದು ಮಲಗುತ್ತಿದ್ದವು. ಇಂದುಮತಿಯ ಉಸಿರು ನನ್ನ ಗಾಜಿಗೆ ತಾಗಿತು. ತಂದೆಯ ಜೀಪಿನಲ್ಲಿ ಕೂತ ಹುಡುಗಿಯ ಉಸಿರೇ ಅದು. ನಾನು ಗುರುತು ಹಿಡಿದೆ.

"ಶಕ್ಕೂ, ಬಾ ಇಲ್ಲೆ. ಹೆಣ್ಣಹಕ್ಕಿ. ಕಾವಿಗೆ ಕುಂತೈತಿ."

ಶಕುಂತಲಾ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ರಾಯರು ನನ್ನನ್ನು ಎಳೆದುಕೊಂಡು ನೋಡಿದರು. ನೋಡಿದ ಮೇಲೆ ಕ್ಯಾಮರಾ ಎತ್ತಿದರು, ಇಳಿಸಿದರು.

"ಹುಲ್ಲು ಅಡ್ಡ ಬರ್ತದ. ಸ್ವಲ್ಪ ಮುಂದ ಹೋಗಿ ಬರ್ತೀನಿ."

"ಬ್ಯಾಡ್ರಿ," ಎಂದಳು ಇಂದುಮತಿ. "ಪಿಲಾರ್ ಏನ್ ಹೇಳ್ಯಾಳ?"

"ಅಕೀ ಎಲ್ಲಿದ್ದಾಳ ಈಗ? ನಾ ನೆಲಕ್ಕ ಹತ್ತಿ ಹೋಗ್ತೀನಿ. ಏನೂ ಆಗೂದಿಲ್ಲ."

"ವಾಮನರಾಯರ, ಕೈ ಮುಗೀತೀನಿ. ಇಳೀಬ್ಯಾಡ್ರಿ."

ಅವರು ಇಳಿದರು. ನೆಲಕ್ಕೆ ಅಂಟಿ ತೆವಳುವುದಿರಲಿ, ಸೊಂಟ ಬಗ್ಗಿಸಲೂ ಇಲ್ಲ. ಹತ್ತಿರ ಹೋಗದೆ ಹತ್ತಿರದಿಂದ ನೋಡಲೆಂದೇ ಜರ್ಮನಿಯ ಆ ಹೆಂಗಸರು ನನ್ನನ್ನು ಮಾಡಿದ್ದರು. ಆ ಲೆನ್ಸನ್ನು ಮಾಡಿದವರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಎರಡರಲ್ಲೂ ಕಣ್ಣಿಟ್ಟು ನೋಡಿದ ಮೇಲೂ ಈ ಮನುಷ್ಯ ಕಾಲು ಬಳಸಿದ.

ಹಕ್ಕಿ ಎದ್ದಿತು. ಭಾರದ ರೆಕ್ಕೆ ಬಡಿದು, ನೆಲಕ್ಕೆ ತಾಗಿ ತಾಗಿ ಓಡಿ, ಮೇಲೆದ್ದು ಬೆಟ್ಟದ ಕಡೆ ಹೋಯಿತು. ಕ್ಯಾಮರಾ ಚಟಚಟ ಎಂದಿತು. ರಾಯರು ಪರದೆಯಲ್ಲಿ ಚಿತ್ರ ನೋಡುತ್ತ ಅಲ್ಲೇ ನಿಂತರು. ನಡೆಯಿರಿ, ಹಿಂದೆ ಬನ್ನಿ ಎಂದು ಇಂದುಮತಿ ಕೂಗಿದಳು. ಅವರು ನಿಧಾನ ಬಂದರು. ಅಷ್ಟರಲ್ಲಿ ಓಕ್ ಮರದಿಂದ ಎರಡು ದೊಡ್ಡ ಕಾಗೆ ಇಳಿದಿದ್ದವು. ಇಂದುಮತಿ ಒಂದು ಕ್ಷಣ ನೋಡಿದಳು. ಮತ್ತೆ ನನ್ನನ್ನು ಕೊರಳಿಂದ ತೆಗೆದು ಶಕುಂತಲಾಳ ಕೈಗೆ ಇಟ್ಟಳು.

"ನೋಡು."

ಶಕುಂತಲಾ ನೋಡಿದಳು. ಒಂದು ಕಾಗೆ ಮೊಟ್ಟೆಯೊಂದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿತು. ಇನ್ನೊಂದು ಅಲ್ಲೇ ಒಡೆದು ತಿಂದಿತು. ಬಹಳ ಹೊತ್ತಿನ ಮೇಲೆ ತಾಯಿಹಕ್ಕಿ ದೂರ ಇಳಿದು, ನಡೆದುಕೊಂಡು ಬಂದು, ಆ ಜಾಗದಲ್ಲಿ ಕತ್ತು ಬಗ್ಗಿಸಿ ನಿಂತಿತು. ಶಕುಂತಲಾ ನನ್ನನ್ನು ಕೆಳಗಿಳಿಸಲಿಲ್ಲ. ಅವಳ ಬೆರಳು ನನ್ನ ಚರ್ಮದೊಳಗೆ ಹೋಗುವಂತೆ ಒತ್ತಿದ್ದವು.

"ಫೋಟೋ ಭಾರೀ ಬಂದದ," ಎಂದರು ರಾಯರು.

ಸಂಜೆ ಇಂದುಮತಿ ಪಿಲಾರಳ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಪಿಲಾರ್ ಕೂಗಾಡಲಿಲ್ಲ. ಇನ್ನು ನಿಮ್ಮನ್ನು ಎಲ್ಲಿಗೂ ಕರೆದೊಯ್ಯಲಾರೆ ಎಂದು ಮೆಲ್ಲಗೆ ಹೇಳಿ, ಇಂದುಮತಿಯ ಕೈಯನ್ನು ಒಮ್ಮೆ ಒತ್ತಿ ಬಾಗಿಲು ಮುಂದೆ ಮಾಡಿದಳು. ಉಳಿದ ದಿನಗಳು ಸುಣ್ಣದ ಗೋಡೆ ನೋಡುವುದರಲ್ಲೇ ಕಳೆದವು. "ಒಂದ ಹಕ್ಕೀ ಸಂಬಂಧ ಇಷ್ಟ ರಂಪ," ಎಂದರು ರಾಯರು. ಶಕುಂತಲಾ ಏನೂ ಹೇಳಲಿಲ್ಲ. ಅದು ನನಗೆ ಹೆಚ್ಚು ಸಿಟ್ಟು ತರಿಸಿತು. ಕಾಗೆಯನ್ನು ನೋಡಿದ ಕಣ್ಣು ಅವಳದು, ಮುಚ್ಚಿಕೊಂಡ ಬಾಯಿಯೂ ಅವಳದೇ.

ಹುಬ್ಬಳ್ಳಿಗೆ ಬಂದ ಕೆಲವು ತಿಂಗಳಿಗೆ ಫೋಟೋ ಸಂಘದವರು ಆ ಚಿತ್ರಕ್ಕೆ ಮೊದಲ ಬಹುಮಾನ ಕೊಟ್ಟರು. ಸಭಾಭವನದಲ್ಲಿ ಬಾಗಿಲಗಲ ದೊಡ್ಡದು ಮಾಡಿ ತೂಗುಹಾಕಿದ್ದರು. ರೆಕ್ಕೆ ಬಿಚ್ಚಿದ ತಾಯಿಹಕ್ಕಿ, ಕೆಳಗೆ "ಸ್ವಾತಂತ್ರ್ಯ" ಎಂಬ ಹೆಸರು. ಇಂದುಮತಿ ಸಭೆಗೆ ಬಂದಳು. ಹಕ್ಕಿ ನೋಡಲು ಹೋಗುವವಳಂತೆ ನನ್ನನ್ನು ಕೊರಳಿಗೆ ಹಾಕಿಕೊಂಡೇ ಬಂದಳು. ಜನ ತಿರುಗಿ ನೋಡಿದರು.

ರಾಯರು ಶಾಲು ಹೊದ್ದು ಮೈಕಿನ ಮುಂದೆ ನಿಂತರು. ತಾವು ಆ ಹಕ್ಕಿಗೆ ಸುಳಿವು ಸಿಗದಂತೆ ಇಡೀ ದಿನ ಹೊಟ್ಟೆಯ ಮೇಲೆ ಮಲಗಿ ಕಾದದ್ದನ್ನು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಇಂದುಮತಿ ಎದ್ದಳು.

"ಅದು ಕಾವಿಗೆ ಕುಂತಿತ್ತು," ಎಂದಳು. "ಇವರು ಹೊಲಕ್ಕ ಇಳಿದು ಎಬ್ಬಿಸಿದ್ರು. ತತ್ತಿ ಕಾಗಿ ತಿಂದ್ವು. ಈ ಚಿತ್ರ ಅದರದು."

ರಾಯರ ಮುಖ ಕೆಂಪಾಯಿತು, ಆದರೆ ದನಿ ತಗ್ಗಲಿಲ್ಲ. "ಅವರು ದೂರ ರಸ್ತೆ ಮ್ಯಾಲ ಇದ್ರು. ಕೊರಳಾಗ ಅದ ಅಲಾ, ಆ ಹಳೇ ಡಬ್ಬಿ. ಅದರಾಗ ಏನ್ ಕಂಡೀತು? ಕಾಗಿ, ತತ್ತಿ ಯಾರೂ ನೋಡಿಲ್ಲ."

ಒಬ್ಬಿಬ್ಬರು ನಕ್ಕರು. ಅಧ್ಯಕ್ಷರು ಚಹಾ ತಯಾರಾಗಿದೆ ಎಂದು ಮೈಕಿಗೆ ಬಾಗಿದರು. ಗಣಿತ ಕಲಿಸಿದ ಇಂದುಮತಿಗೆ ಸಾಕ್ಷಿಯಿಲ್ಲದ ಮಾತು ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಅವಳು ಕೂರಲಿದ್ದಳು.

ಆಗ ಮುಂದಿನ ಸಾಲಿನಲ್ಲಿ, ಸಂಘದವರು ಕೊಟ್ಟ ಮಲ್ಲಿಗೆ ದಂಡೆ ಮುಡಿದು ಕೂತಿದ್ದ ಶಕುಂತಲಾ ಎದ್ದು ನಿಂತಳು. ಗಂಡನ ಕಡೆ ನೋಡಲಿಲ್ಲ.

"ನಾ ನೋಡೇನಿ," ಎಂದಳು. "ಅದೇ ದುರ್ಬೀನಿನಾಗ. ಹಕ್ಕಿ ತಿರುಗಿ ಬಂದು ನಿಂತದ್ದೂ ನೋಡೇನಿ."

ಹೇಳಿ ದಂಡೆ ತೆಗೆದು ಕುರ್ಚಿಯ ಮೇಲಿಟ್ಟು, ಇಂದುಮತಿಯ ಹತ್ತಿರ ಬಂದು ಕೈ ಹಿಡಿದುಕೊಂಡಳು. ಇಬ್ಬರೂ ಹೊರಗೆ ನಡೆದರು.

ಬಹುಮಾನ ಹಿಂದಕ್ಕೆ ಪಡೆದರೇ ಎಂದು ಕೇಳಬೇಡಿ. ಇಲ್ಲ. ಸಂಘದವರು ಚಹಾ ಕುಡಿದರು, ಇದು ಮನೆಯ ಜಗಳ ಎಂದರು. ಅದನ್ನು ನೆನೆದರೆ ಈಗಲೂ ನನ್ನ ತಿರುಪು ಬಿಗಿಯಾಗುತ್ತದೆ. ಶಕುಂತಲಾ ಒಂದು ಮಳೆಗಾಲ ಇಂದುಮತಿಯ ಮನೆಯಲ್ಲೇ ಇದ್ದಳು. ಆಮೇಲೆ ತನ್ನ ಮನೆಗೆ ಮರಳಿದಳು. ಮರಳುವಷ್ಟರಲ್ಲಿ ರಾಯರು ಆ ಚಿತ್ರವನ್ನು ಗೋಡೆಯಿಂದ ಇಳಿಸಿದ್ದರು. ಕ್ಯಾಮರಾ ಮುಟ್ಟುವುದನ್ನೂ ಬಿಟ್ಟಿದ್ದರು. ಯಾಕೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಈಗ ನನಗೆ ಮುಪ್ಪು. ಬಲಗಣ್ಣಿನೊಳಗೆ ಬೂಷ್ಟು ಹಿಡಿದಿದೆ, ಜೇಡನ ಬಲೆಯಂತೆ. ಇಂದುಮತಿಯ ಕಣ್ಣಿನ ನರವೂ ಸೊರಗಿತು, ದೂರದ್ದು ಕಾಣದಾಯಿತು. ಅವಳು ನನ್ನನ್ನು ಶಕುಂತಲಾಗೆ ಕೊಟ್ಟಳು. ಈ ಮನೆಯ ಕಿಟಕಿಯ ಕಟ್ಟೆಯೇ ನನ್ನ ಮೂಲೆ. ಹೊರಗೆ ದಾಸವಾಳದ ಗಿಡ, ಅದರಲ್ಲಿ ಒಂದು ಸೂರಕ್ಕಿ ಗೂಡು ಕಟ್ಟಿದೆ. ಶಕುಂತಲಾ ಮಧ್ಯಾಹ್ನ ನನ್ನನ್ನು ಹಿಡಿದು ಅದನ್ನು ನೋಡುತ್ತಾಳೆ, ಸಂಜೆ ಫೋನಿನಲ್ಲಿ ಇಂದುಮತಿಗೆ ಎಲ್ಲ ವರ್ಣಿಸುತ್ತಾಳೆ.

ಮೊನ್ನೆ ರಾಯರು ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ನನ್ನ ಕಡೆ ಕೈ ಚಾಚಿದರು. ಈ ಸಲ ಎಳೆಯಲಿಲ್ಲ.

"ಒಂದ ಸ್ವಲ್ಪ ಕೊಡ್ತೀಯೇನು?"

ಶಕುಂತಲಾ ಕೊಟ್ಟಳು. "ಇಲ್ಲೇ ಕೂತು ನೋಡ್ರಿ. ಏಳಬ್ಯಾಡ್ರಿ."

ರಾಯರು ನನ್ನನ್ನು ಕಣ್ಣಿಗೆ ಹಿಡಿದರು. ಹೆಣ್ಣು ಸೂರಕ್ಕಿ ಗೂಡಿನ ಬಾಯಲ್ಲಿ ಕೊಕ್ಕು ಹೊರಹಾಕಿ ಕೂತಿತ್ತು.

"ಅವತ್ತ," ಎಂದರು, "ಎಷ್ಟ ತತ್ತಿ ಇದ್ವು?"

"ಎರಡು," ಎಂದಳು ಶಕುಂತಲಾ.

ರಾಯರು ನನ್ನನ್ನು ಕಣ್ಣಿಂದ ಇಳಿಸಲಿಲ್ಲ. ಸೂರಕ್ಕಿ ಹಾರಿಹೋಯಿತು, ಮತ್ತೆ ಬಂತು, ಆದರೂ ಇಳಿಸಲಿಲ್ಲ. ನನ್ನ ಎರಡೂ ಗಾಜು ಒದ್ದೆಯಾದವು. ಹಾಗಂತ ನಾನು ಕರಗಿದೆ ಎಂದು ತಿಳಿಯಬೇಡಿ. ಒದ್ದೆಯಾದರೆ ದುರ್ಬೀನಿಗೆ ಬೂಷ್ಟು ಹೆಚ್ಚುತ್ತದೆ ಎಂಬ ಖಬರು ಕೂಡ ಆ ಮನುಷ್ಯನಿಗಿಲ್ಲ.