ಗೋಡೆಯಾಚೆಯ ಕುದುರೆ

ತಮ್ಮ ಸತ್ತು ಒಂದು ತಿಂಗಳಾದ ಮೇಲೆ ಅಕ್ಕ ಅವನ ಬಾಡಿಗೆ ಕೋಣೆ ಖಾಲಿ ಮಾಡಲು ಆ ನಗರಕ್ಕೆ ಬಂದಳು. ಮಲಗಿದವನು ಏಳಲಿಲ್ಲ, ಹೃದಯ ನಿಂತುಹೋಗಿತ್ತಂತೆ ಎಂದಷ್ಟೇ ಮನೆಗೆ ತಿಳಿದಿತ್ತು. ಆಗ ಹೋಗಿ ದೇಹ ತಂದವನು ಸೋದರಮಾವ. ಅಮ್ಮನ ಸ್ಥಿತಿ ನೋಡಿ ಅಕ್ಕ ಹೊಸ್ತಿಲು ದಾಟಿರಲಿಲ್ಲ.

ಕೋಣೆಯಲ್ಲಿದ್ದದ್ದು ಒಂದು ಹಾಸಿಗೆ, ನಾಲ್ಕು ಅಂಗಿ, ಡಬ್ಬಿಯಲ್ಲಿ ಒಂದಿಷ್ಟು ಮಾತ್ರೆ. ಹೊತ್ತಿಗೆ ಸರಿಯಾಗಿ ತಿನ್ನದೆ ಹೊಟ್ಟೆ ಕೆಡಿಸಿಕೊಂಡಿರಬೇಕು ಎಂದುಕೊಂಡು ಡಬ್ಬಿ ಮುಚ್ಚಿದಳು. ಮೆಟ್ಟಿಲ ಕೆಳಗೆ ಅವನ ಸೈಕಲ್ ಇತ್ತು.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆಂದು ಬಂದು ಎರಡು ವರ್ಷವಾಗಿತ್ತು. ಪ್ರತಿ ಭಾನುವಾರ ಫೋನ್ ಮಾಡಿ, ಆ ವಾರ ಸೈಕಲ್‌ನಲ್ಲಿ ಎಲ್ಲೆಲ್ಲಿ ಸುತ್ತಿದೆ ಅನ್ನುವುದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ. "ನೀನೂ ಬಾ ಅಕ್ಕಾ, ಹಿಂದೆ ಕೂರಿಸ್ಕೊಂಡು ಇಡೀ ಊರು ತೋರಿಸ್ತೀನಿ." ಅಕ್ಕ ದರ್ಜಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಲೇ ಹೂಂಗುಟ್ಟುತ್ತಿದ್ದಳು. "ಶಾಲೆ ಶುರುವಾಗ್ತಿದೆ ಕಣೋ, ಯೂನಿಫಾರ್ಮ್ ರಾಶಿ ಬಿದ್ದಿದೆ. ಉಸಿರಾಡೋಕೂ ಪುರುಸೊತ್ತಿಲ್ಲ."

ಈಗ ಪುರುಸೊತ್ತು ಸಿಕ್ಕಿತ್ತು. ಅವನು ಹೇಳಿದ್ದನ್ನೆಲ್ಲ ಒಮ್ಮೆ ಕಣ್ಣಾರೆ ನೋಡಿಯೇ ಹೋಗೋಣವೆಂದು ಸೈಕಲ್ಲನ್ನು ಮೂಲೆಯ ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದಳು. ರಿಪೇರಿಯವನು ಟೈರ್ ಒತ್ತಿ ನೋಡಿದ.

"ನಿಂತಲ್ಲೇ ನಿಂತು ಬಿರುಕು ಬಿಟ್ಟಿದೆ. ವರ್ಷದ ಮೇಲಾಯ್ತು ಇದು ಓಡಿ."

"ಹೋದ ತಿಂಗಳವರೆಗೂ ನನ್ನ ತಮ್ಮ ಓಡಿಸ್ತಿದ್ದ."

"ಇರಬಹುದಮ್ಮ," ಎಂದು ಅವನು ಟೈರ್ ಬದಲಿಸಿದ. ವಾದಕ್ಕಿಳಿಯಲಿಲ್ಲ.

ದಿನವಿಡೀ ಯಂತ್ರ ತುಳಿದು ಗಟ್ಟಿಯಾದ ಕಾಲಿಗೆ ಸೈಕಲ್ ಯಾವ ಲೆಕ್ಕ. ಗಡಿಯಾರದ ಗೋಪುರ ಸಿಕ್ಕಿತು, ಬಣ್ಣ ಹಾಕುವವರ ಬೀದಿ ಸಿಕ್ಕಿತು. ಅಲ್ಲಿಂದ ಮುಂದೆ ಉದ್ದನೆಯ ಕಲ್ಲಿನ ಗೋಡೆ. ಅದರಾಚೆಯ ಹುಲ್ಲುಗಾವಲಿನಲ್ಲಿ ಒಂದು ಕಣ್ಣು ಹೋದ ಬಿಳಿ ಕುದುರೆಯಿದೆ, ನನ್ನನ್ನು ಕಂಡರೆ ಕತ್ತೆತ್ತುತ್ತೆ ಎಂದು ತಮ್ಮ ಎಷ್ಟೋ ಸಲ ಹೇಳಿದ್ದ. ಆದರೆ ಗೋಡೆ ಎರಡಾಳೆತ್ತರವಿತ್ತು. ಗೋಡೆಗುಂಟ ಹೋಗಿ ಬಂದಳು, ಎಲ್ಲೂ ಒಂದು ಕಿಂಡಿಯಿಲ್ಲ.

ಬಸ್ ನಿಲ್ದಾಣದಲ್ಲಿ ನಿಂತಿದ್ದ ಹೆಂಗಸೊಬ್ಬಳನ್ನು ಕೇಳಿದಳು.

"ಕುದುರೆನಾ? ಇದೆಯಲ್ಲ. ಇಲ್ಲಿಂದ ಕಾಣಲ್ಲ. ಏಳನೇ ನಂಬರ್ ಬಸ್ಸು ಸೇತುವೆ ಏರುತ್ತಲ್ಲ, ಆಗ ಕಾಣುತ್ತೆ. ಸೈಕಲ್ ಬಿಡಲ್ಲ ಅಲ್ಲಿ."

ರಿಪೇರಿಯವನ ಮಾತು ಅಕ್ಕನಿಗೆ ನೆನಪಾಯಿತು. ಸೈಕಲ್ಲನ್ನು ಕಂಬಕ್ಕೆ ಸೇರಿಸಿ ಬೀಗ ಹಾಕಿ ಮುಂದಿನ ಬಸ್ ಹತ್ತಿದಳು. ಬಸ್ಸು ಸೇತುವೆ ಏರಿದಾಗ ಕುದುರೆ ಕಂಡಿತು. ಅದು ಬಾಗಿ ಹುಲ್ಲು ಮೇಯುತ್ತಿತ್ತು, ಯಾರಿಗೂ ಕತ್ತೆತ್ತಲಿಲ್ಲ.

ಅವಳು ಫೋನಿನಲ್ಲಿದ್ದ ತಮ್ಮನ ಚಿತ್ರವನ್ನು ಕಂಡಕ್ಟರ್‌ಗೆ ತೋರಿಸಿದಳು.

"ಗೊತ್ತಿಲ್ದೆ ಏನು? ವಾರಕ್ಕೆ ಎರಡು ಸಲ ಇದೇ ಬಸ್ಸಿಗೆ ಬರ್ತಿದ್ರು. ಅದೇನು, ಇದೇನು ಅಂತ ನನ್ನ ತಲೆ ತಿಂದುಬಿಡೋರು. ಊರಲ್ಲಿ ಅಕ್ಕ ಇದಾಳೆ, ಅವಳಿಗೆ ಹೇಳ್ಬೇಕು ಅನ್ನೋರು." ಕಂಡಕ್ಟರ್ ಅವಳ ಮುಖ ನೋಡಿ ದನಿ ತಗ್ಗಿಸಿದ. "ಈಚೆಗೆ ಕಾಣ್ಲಿಲ್ಲ."

"ಎಲ್ಲಿ ಇಳೀತಿದ್ದ?"

"ಕೊನೇ ಸ್ಟಾಪು. ಆಸ್ಪತ್ರೆ."

ಆಸ್ಪತ್ರೆಯಲ್ಲಿ ಚಿತ್ರ ತೋರಿಸಿ ಕೇಳುತ್ತ ಮೂರನೇ ಮಹಡಿಗೆ ಬಂದಳು. ಅಲ್ಲಿ ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧಿಮಾಡುವ ಯಂತ್ರಗಳು ಸಾಲಾಗಿದ್ದವು. ಅಲ್ಲಿನ ನರ್ಸ್‌ಗೆ ಚಿತ್ರ ನೋಡಿದೊಡನೆ ಗುರುತು ಸಿಕ್ಕಿತು. ಒಂದೂವರೆ ವರ್ಷದಿಂದ ಬರುತ್ತಿದ್ದನಂತೆ. ನಾಲ್ಕು ಗಂಟೆ ಮಲಗಿ, ಸುಸ್ತಾಗಿ, ಒಬ್ಬನೇ ವಾಪಸು ಹೋಗುತ್ತಿದ್ದನಂತೆ.

"ನೀವು ಏನಾಗ್ಬೇಕು?"

"ಅಕ್ಕ."

"ಒಡಹುಟ್ಟಿದ ಅಕ್ಕನಾ?" ನರ್ಸ್ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. "ಕಿಡ್ನಿ ಕೊಡೋಕೆ ಮನೇಲಿ ಯಾರಾದ್ರೂ ಇದಾರಾ ಅಂತ ಡಾಕ್ಟ್ರು ಎಷ್ಟು ಸಲ ಕೇಳಿದ್ರು. ನನಗೆ ಯಾರೂ ಇಲ್ಲ ಅಂತಿದ್ರು."

ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತಳು. ಮೊದಲು ಬಂದದ್ದು ಸಿಟ್ಟು. ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಅಮ್ಮನನ್ನೂ ಮನೆಯನ್ನೂ ಅವಳೊಬ್ಬಳ ದುಡಿಮೆ ಹೊತ್ತಿತ್ತು. ಕೇಳಿದ್ದರೆ ಕಿಡ್ನಿ ಕೊಡಲು ಮರುಮಾತಿಲ್ಲದೆ ಮಲಗುತ್ತಿದ್ದಳು, ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಬಾಯಿ ಬಿಡಲಿಲ್ಲ. ಸಿಟ್ಟು ಇಳಿದಾಗ ಅಳು ಬಂತು. ನರ್ಸ್ ಒಂದು ಲೋಟ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

ಮರುದಿನ ಸೈಕಲ್ಲನ್ನು ರಿಪೇರಿಯವನಿಗೆ ಕೊಟ್ಟು, ಬಟ್ಟೆಗಂಟು ಹಿಡಿದು ಅಕ್ಕ ಊರಿಗೆ ಹೊರಟಳು. ಅಮ್ಮನಿಗೆ ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ತೂಗಿ ನೋಡಿದಳು. ಮುಚ್ಚಿಟ್ಟವನೊಬ್ಬ ಹೋಗಿದ್ದು ಸಾಕು ಅನಿಸಿತು. ಮನೆ ಸೇರಿ, ಅಮ್ಮನ ಕೈ ಹಿಡಿದುಕೊಂಡು, ಬಸ್ಸು, ಆಸ್ಪತ್ರೆ, ಡಾಕ್ಟರಿಗೆ ಅವನು ಹೇಳಿದ ಸುಳ್ಳು, ಒಂದನ್ನೂ ಬಿಡದೆ ಹೇಳಿದಳು.

ಅಮ್ಮ ಅಳಲಿಲ್ಲ. ಮೂರನೆಯ ದಿನ ಅಕ್ಕ ಬಟ್ಟೆ ಕತ್ತರಿಸುತ್ತಿದ್ದಾಗ ಹತ್ತಿರ ಬಂದು ನಿಂತಳು.

"ವಾಪಸ್ ಬರುವಾಗ ಬಸ್ಸಲ್ಲಿ ಅವನಿಗೆ ಸೀಟು ಸಿಗ್ತಿತ್ತಾ?"

ಅಕ್ಕ ಕತ್ತರಿ ಕೆಳಗಿಟ್ಟಳು.

"ಕೇಳ್ಲಿಲ್ಲ ಅಮ್ಮ," ಅಂದಳು.